ವಾರ್ನರ್: ಐದು ಸೀಸನ್‌ಗೆ 27 ಟಚ್‌ಡೌನ್, ಆಮೇಲೆ ಒಂದೇ ಸೀಸನ್‌ಗೆ 27. ನಡುವೆ ಏನಾಗಿತ್ತು?

ಮೂರನೇ_ಡೌನ್

ಅಮೆರಿಕನ್ ಫುಟ್‌ಬಾಲ್‌ನ ಕ್ವಾರ್ಟರ್‌ಬ್ಯಾಕ್, ಅಂದ್ರೆ ಚೆಂಡು ಎಸೆಯೋ ಆಟಗಾರ, ಕರ್ಟ್ ವಾರ್ನರ್ ಹೆಸರು ಎತ್ತಿದ್ರೆ ಸಾಕು, ದಿನಸಿ ಅಂಗಡಿ, ಗಂಟೆಗೆ 5.50 ಡಾಲರ್, ಅಲ್ಲಿಂದ ನೇರ ಎನ್‌ಎಫ್‌ಎಲ್ ಲೀಗಿನ ಫೈನಲ್ ಸೂಪರ್ ಬೌಲ್. ಅಲ್ಲಿಗೆ ಕಥೆ ಮುಗೀತು ಅಂತ ಎಲ್ಲರೂ ಎದ್ದು ಹೋಗ್ತಾರೆ. ನನ್ನ ಪ್ರಶ್ನೆ ಅದರ ನಂತರದ್ದು.

ಲೆಕ್ಕ ನೋಡಿ. 1999ರಲ್ಲಿ 41 ಟಚ್‌ಡೌನ್ ಪಾಸ್ (ಎದುರಾಳಿಯ ಕೊನೆ ಗೆರೆ ದಾಟಿಸಿದ ಎಸೆತ), 2000ದಲ್ಲಿ 21, 2001ರಲ್ಲಿ 36. ಎರಡು ಸಲ ಲೀಗಿನ ಅತ್ಯುತ್ತಮ ಆಟಗಾರ. ಆಮೇಲೆ 2002ರಲ್ಲಿ 3, 2003ರಲ್ಲಿ 1, 2004ರಲ್ಲಿ 6, 2005ರಲ್ಲಿ 11, 2006ರಲ್ಲಿ 6. ಐದೂ ಸೀಸನ್ ಕೂಡಿಸಿದ್ರೆ 27. ಮುಗೀತು ಇವನ ಕಥೆ ಅಂತ ಎಲ್ಲರೂ ಬರೆದಾಯ್ತು. ಆಗ 2007ರಲ್ಲಿ, 36ನೇ ವಯಸ್ಸಲ್ಲಿ, ಒಂದೇ ಸೀಸನ್‌ಗೆ 27!

ಮೂರು ವಿಷಯ ಬಿಡಿಸಿ ಹೇಳಿ. ಕಾಲೇಜಲ್ಲಿ ನಾಲ್ಕು ವರ್ಷ ಬೆಂಚ್ ಮೇಲೆ ಯಾಕೆ? ಒಳಾಂಗಣದ ಅರೀನಾ ಫುಟ್‌ಬಾಲ್ ಇವನಿಗೆ ನಿಜಕ್ಕೂ ಏನು ಕಲಿಸ್ತು? 2002ರಿಂದ 2006ರವರೆಗೆ ಕೆಟ್ಟಿದ್ದು ಕೈಯೋ, ಕಣ್ಣೋ, ಮುಂದೆ ನಿಂತು ಅವನನ್ನ ಕಾಯೋ ಲೈನೋ? "ಅದೃಷ್ಟ" ಅನ್ನೋ ಉತ್ತರ ಬೇಡ.

ಅಂಕಿಸಂಕಿ

ಮೊದಲು ಒಂದು ತಿದ್ದುಪಡಿ, ಮುಂದಿನವರು ಇದನ್ನೇ ತಪ್ಪಾಗಿ ಬರೀತಾರೆ. ಅವನು ಗಿರಾಕಿಗಳ ಚೀಲ ತುಂಬ್ತಿದ್ದ ಅನ್ನೋದು ಸರಿಯಲ್ಲ. ಸೀಡರ್ ಫಾಲ್ಸ್‌ನ ಹೈ-ವೀ ಅಂಗಡಿಯಲ್ಲಿ ರಾತ್ರಿ ಪಾಳಿ, ಕಪಾಟಿಗೆ ಸಾಮಾನು ಜೋಡಿಸೋ ಕೆಲಸ. ಅದೂ 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಶಿಬಿರದಿಂದ ಕಳಿಸಿದ ಮೇಲೆ. ಅಂಗಡಿಯಿಂದ ನೇರ ಎನ್‌ಎಫ್‌ಎಲ್‌ಗೆ ಬಂದಿದ್ದಂತೂ ಅಲ್ಲವೇ ಅಲ್ಲ, ನಡುವೆ ಮೂರು ವರ್ಷ ಅರೀನಾ, ಒಂದು ವಸಂತ ಯೂರೋಪ್.

ಪ್ಲೇಬುಕ್_ಪುಟ

ಕಾಲೇಜಿನ ಪ್ರಶ್ನೆಗೆ ಉತ್ತರ.

ಹುಟ್ಟಿದ್ದು 1971ರಲ್ಲಿ, ಅಯೋವಾ ರಾಜ್ಯದ ಬರ್ಲಿಂಗ್ಟನ್‌ನಲ್ಲಿ. ಸೀಡರ್ ರಾಪಿಡ್ಸ್‌ನ ರೀಜಿಸ್ ಹೈಸ್ಕೂಲಲ್ಲಿ ಆಡಿದ. ಅಲ್ಲಿ ಅವನಿಗೆ ಒಂದು ಕೆಟ್ಟ ಚಾಳಿ ಇತ್ತು: ಎದುರಾಳಿ ಹತ್ತಿರ ಬರ್ತಿದ್ದಾನೆ ಅನ್ನಿಸಿದ ಕೂಡಲೇ ಪಾಕೆಟ್ (ತನ್ನವರು ಸುತ್ತ ನಿಂತು ಕಾಯೋ ಜಾಗ) ಬಿಟ್ಟು ಓಡೋದು. ಕೋಚ್ ಅದಕ್ಕೆ ಮಾಡಿದ ಮದ್ದು ಅಂದ್ರೆ, ಅವನನ್ನ ಪಾಕೆಟ್‌ನಲ್ಲೇ ನಿಲ್ಲಿಸಿ, ಅಡ್ಡ ಯಾರೂ ಇಲ್ಲದೆ ಡಿಫೆನ್ಸ್ ಹುಡುಗರನ್ನ ಮೇಲೆ ಬಿಡೋದು. ಹೊಡೆತ ಬೀಳೋವರೆಗೂ ಕಾಲು ಕದಲಿಸೋ ಹಾಗಿಲ್ಲ, ಕಣ್ಣು ಮುಂದೆಯೇ ಇರಬೇಕು. ಮುಂದೆ ವೃತ್ತಿಜೀವನ ಪೂರ್ತಿ ಅವನು ಹೊಡೆತ ತಿಂತಾನೇ ಚೆಂಡು ಬಿಡೋದನ್ನ ನೋಡ್ತೀವಲ್ಲ, ಅದರ ಬೇರು ಇಲ್ಲಿದೆ.

1989ರಲ್ಲಿ ಯೂನಿವರ್ಸಿಟಿ ಆಫ್ ನಾರ್ದರ್ನ್ ಅಯೋವಾ ಸೇರಿದ. ಮೊದಲ ವರ್ಷ ರೆಡ್‌ಶರ್ಟ್. ಆಮೇಲೆ ಮೂರು ಸೀಸನ್ ಸಾಲಿನಲ್ಲಿ ಹಿಂದೆ. ಮೊದಲ ಕ್ವಾರ್ಟರ್‌ಬ್ಯಾಕ್ ಆಗಿದ್ದು 1993ರಲ್ಲಿ, ಐದನೇ ವರ್ಷ. ಆ ಒಂದೇ ವರ್ಷಕ್ಕೆ ಗೇಟ್‌ವೇ ಕಾನ್ಫರೆನ್ಸಿನ ಅತ್ಯುತ್ತಮ ಆಕ್ರಮಣ ಆಟಗಾರ.

ಹೊಸಬ_ನೋಡುಗ

ರೆಡ್‌ಶರ್ಟ್ ಅಂದ್ರೆ ಶಿಕ್ಷೆನಾ ಸಾರ್?

ಪ್ಲೇಬುಕ್_ಪುಟ

ಅಲ್ಲಪ್ಪ. ಆಗಿನ ನಿಯಮದಲ್ಲಿ ಕಾಲೇಜಿನ ಆಟಗಾರನಿಗೆ ಐದು ವರ್ಷದ ಒಳಗೆ ನಾಲ್ಕು ಸೀಸನ್ ಆಡೋ ಅರ್ಹತೆ. ಮೊದಲ ವರ್ಷ ಅಭ್ಯಾಸಕ್ಕೆ ಮಾತ್ರ ಇಳಿಸಿ ಪಂದ್ಯಕ್ಕೆ ಇಳಿಸದೇ ಇದ್ರೆ ಆ ಸೀಸನ್ ಲೆಕ್ಕಕ್ಕೆ ಬರಲ್ಲ, ಉಳಿತಾಯ ಆಗುತ್ತೆ. ಹುಡುಗ ದೇಹ ಬೆಳೆಸಿಕೊಳ್ತಾನೆ, ಪ್ಲೇಬುಕ್ ಕಲೀತಾನೆ. ವಾರ್ನರ್‌ಗೆ ಆ ಐದನೇ ವರ್ಷ ಉಳಿದಿದ್ದರಿಂದಲೇ 1993 ಸಿಕ್ತು.

ಮಾಳಮಡ್ಡಿ_ಮಂದಿ

ಇನ್ನೊಂದು ಮಾತು ಸೇರಿಸ್ರಿ. ನಾರ್ದರ್ನ್ ಅಯೋವಾ ಆಡ್ತಿದ್ದದ್ದು ಡಿವಿಜನ್ ಒಂದು-ಎಎ ಒಳಗ, ಅಂದ್ರ ಎರಡನೇ ಹಂತ. ಅದೂ ಒಂದ ವರ್ಷದ ಟೇಪು. ಸ್ಕೌಟ್ ಮಂದಿಗೆ ನಾಕು ವರ್ಷದ ಟೇಪು ಇದ್ದ ಹುಡುಗೂರ ರಾಶಿ ಬಿದ್ದಿರ್ತಾರ, ಇಂವನ್ನ ಯಾರು ನೋಡ್ತಾರ? ಮ್ಯಾಲ 1994ರ ಡ್ರಾಫ್ಟ್, ಅಂದ್ರ ಎನ್‌ಎಫ್‌ಎಲ್ ತಂಡದವ್ರು ಕಾಲೇಜಿನ ಹುಡುಗೂರನ್ನ ಆರಿಸ್ಕೊಳ್ಳೂದು, ಏಳ ಸುತ್ತಿಂದು. ಎರಡ ವರ್ಷ ಹಿಂದ, 1992ರಾಗ, ಹನ್ನೆರಡ ಸುತ್ತು ಇದ್ದವು. ಹತ್ತನೇ ಹನ್ನೊಂದನೇ ಸುತ್ತಿನ್ಯಾಗ ಯಾರರ ಒಬ್ರು "ತಗೊಂಡ ನೋಡೂಣು" ಅಂತಿದ್ರು. ಆ ಬಾಗಲಾ ಆಗಷ್ಟ ಮುಚ್ಚಿತ್ತು.

ಪ್ಯಾಕರ್ಸ್ ಒಳಗ ಹೋದ್ರ ಅಲ್ಲೆ ಮುಂದ ಬ್ರೆಟ್ ಫಾರ್ವ್, ಮಾರ್ಕ್ ಬ್ರುನೆಲ್, ಟೈ ಡೆಟ್ಮರ್. ಮೂರೂ ಮಂದಿ ಮುಂದ ವರ್ಷಾನಗಟ್ಟಲೆ ಎನ್‌ಎಫ್‌ಎಲ್ ಆಡಿದವ್ರು. ಅಂಥಾದ್ದರಾಗ ನಾಕನೇಯವಗ ಅಭ್ಯಾಸದಾಗ ಚೆಂಡರ ಎಷ್ಟ ಸಿಗಬೇಕ್ರಿ?

ಕಡಲತಡಿ

ಸರಿ, ಕಾಲೇಜು ಆಯ್ತು. ಆದ್ರೆ ಮೂಲ ಪ್ರಶ್ನೆಗೆ ನನ್ನ ಉತ್ತರ ಎಂತ ಹೇಳಿದ್ರೆ, ವಾರ್ನರ್ ಪದ್ಧತಿಯ ಆಟಗಾರ, ಅಂದ್ರೆ ತಂಡದ ಆಟದ ಪದ್ಧತಿಯೇ ಅವನನ್ನು ದೊಡ್ಡವ ಮಾಡಿದ್ದು ಮಾರಾಯ್ರೆ. ಸಿಟ್ಟು ಮಾಡ್ಬೇಡಿ, ಲೆಕ್ಕ ಉಂಟು ನನ್ನತ್ರ.

ರ‍್ಯಾಮ್ಸ್‌ನಲ್ಲಿ (ಆಗ ವಾರ್ನರ್‌ನ ತಂಡ) ಓಡ್ಲಿಕ್ಕೆ ಮಾರ್ಷಲ್ ಫಾಕ್, ಹಿಡಿಲಿಕ್ಕೆ ಐಸಾಕ್ ಬ್ರೂಸ್, ಟೋರಿ ಹೋಲ್ಟ್, ಆಝ್-ಝಹೀರ್ ಹಕೀಮ್, ರಿಕಿ ಪ್ರೋಲ್. ಎಡಗಡೆ ಕಾಯ್ಲಿಕ್ಕೆ ಒರ್ಲ್ಯಾಂಡೊ ಪೇಸ್. 1999ರಲ್ಲಿ ಫಾಕ್ ಓಡಿ 1,381 ಯಾರ್ಡ್, ಹಿಡಿದು 1,048 ಯಾರ್ಡ್ ಮಾಡಿದ್ದು. 2000ದಲ್ಲಿ ವಾರ್ನರ್‌ನ ಬೆರಳು ಮುರಿದಾಗ ಟ್ರೆಂಟ್ ಗ್ರೀನ್ ಬಂದ್ರು, 16 ಟಚ್‌ಡೌನ್, 5 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ), ಎಸೆತದ ರೇಟಿಂಗ್ 101.8. 2002ರಲ್ಲಿ ವಾರ್ನರ್ ಶುರು ಮಾಡಿದ ಆರೂ ಪಂದ್ಯ ಸೋಲು. ಅದೇ ತಂಡ, ಅದೇ ಸೀಸನ್, ಮಾರ್ಕ್ ಬಲ್ಜರ್ ಶುರು ಮಾಡಿದ ಏಳರಲ್ಲಿ ಆರು ಗೆಲುವು, ರೇಟಿಂಗ್ 101.5. ಯಾರು ನಿಂತ್ರೂ ಓಡುವ ಗಾಡಿ ಅದು.

ಮೂರನೇ_ಡೌನ್

ಈ ವಾದಕ್ಕೇ ಕಾಯ್ತಿದ್ದೆ. ಹಾಗಾದ್ರೆ ವಾರ್ನರ್ ಮುಂದೆ ಆಡಿದ ತಂಡ, 2008ರ ಅರಿಜೋನಾ ಕಾರ್ಡಿನಲ್ಸ್? ಆ ವರ್ಷ ಓಟದ ಯಾರ್ಡ್‌ನಲ್ಲಿ ಆ ತಂಡ ಇಡೀ ಲೀಗಿಗೇ ಕೊನೆ. ಫಾಕ್ ಇಲ್ಲ, ಪೇಸ್ ಇಲ್ಲ. ಆದರೂ 4,583 ಯಾರ್ಡ್, 30 ಟಚ್‌ಡೌನ್.

ಕಡಲತಡಿ

ಅಲ್ಲಿ ಲ್ಯಾರಿ ಫಿಟ್ಜ್‌ಜೆರಾಲ್ಡ್, ಆಂಕ್ವಾನ್ ಬೋಲ್ಡಿನ್ ಇದ್ರಲ್ಲ. ಆ ವರ್ಷದ ಪ್ಲೇಆಫ್ ಒಂದರಲ್ಲೇ ಫಿಟ್ಜ್‌ಜೆರಾಲ್ಡ್‌ಗೆ 546 ಯಾರ್ಡ್.

ಅಂಕಿಸಂಕಿ

ಇಬ್ಬರೂ ಸ್ವಲ್ಪ ನಿಲ್ಲಿ. ರೇಟಿಂಗ್ ಅನ್ನೋ ಒಂದು ಸಂಖ್ಯೆ ಹಿಡ್ಕೊಂಡು ಜಗಳ ಆಡಿದ್ರೆ ಏನೂ ಗೊತ್ತಾಗಲ್ಲ. ಅದನ್ನ ನಾಲ್ಕು ತುಂಡು ಮಾಡಿ ನೋಡಿ, ಉತ್ತರ ಅದರೊಳಗೇ ಇದೆ.

ರೇಟಿಂಗ್ ಲೆಕ್ಕ ಹೀಗೆ. ಒಟ್ಟು ಎಸೆತಕ್ಕೆ ಎಷ್ಟು ಪಾಸ್ ಕೈಸೇರಿದವು ಅನ್ನೋ ಭಾಗದಿಂದ 0.3 ಕಳೆದು 5ರಿಂದ ಗುಣಿಸಬೇಕು. ಎಸೆತಕ್ಕೆ ಎಷ್ಟು ಯಾರ್ಡ್ ಅನ್ನೋದರಿಂದ 3 ಕಳೆದು 0.25ರಿಂದ ಗುಣಿಸಬೇಕು. ಟಚ್‌ಡೌನ್‌ಗಳನ್ನ ಎಸೆತದಿಂದ ಭಾಗಿಸಿ 20ರಿಂದ ಗುಣಿಸಬೇಕು. ಇಂಟರ್‌ಸೆಪ್ಷನ್‌ಗಳನ್ನ ಎಸೆತದಿಂದ ಭಾಗಿಸಿ, 25ರಿಂದ ಗುಣಿಸಿ, ಬಂದಿದ್ದನ್ನ 2.375ರಿಂದ ಕಳೀಬೇಕು. ಪ್ರತಿ ತುಂಡೂ 0ಗಿಂತ ಕೆಳಗೆ ಹೋಗೋ ಹಾಗಿಲ್ಲ, 2.375 ದಾಟೋ ಹಾಗಿಲ್ಲ. ನಾಲ್ಕನ್ನೂ ಕೂಡಿಸಿ, 6ರಿಂದ ಭಾಗಿಸಿ, 100ರಿಂದ ಗುಣಿಸಿ.

1999: 499 ಎಸೆತ, 325 ಕೈಸೇರಿದ್ದು, 4,353 ಯಾರ್ಡ್, 41 ಟಚ್‌ಡೌನ್, 13 ಇಂಟರ್‌ಸೆಪ್ಷನ್. ತುಂಡುಗಳು 1.76, 1.43, 1.64, 1.72. ರೇಟಿಂಗ್ 109.2.

2002: 220 ಎಸೆತ, 144 ಕೈಸೇರಿದ್ದು, 1,431 ಯಾರ್ಡ್, 3 ಟಚ್‌ಡೌನ್, 11 ಇಂಟರ್‌ಸೆಪ್ಷನ್. ತುಂಡುಗಳು 1.77, 0.88, 0.27, 1.13. ರೇಟಿಂಗ್ 67.4.

ಮೊದಲ ತುಂಡು ನೋಡಿದ್ರಾ? 1.76 ಇದ್ದದ್ದು 1.77 ಆಗಿದೆ! ಅಂದ್ರೆ ಗುರಿ ತಪ್ಪಿರಲಿಲ್ಲ. ಅವನ ಅತ್ಯಂತ ಕೆಟ್ಟ ಸೀಸನ್‌ನಲ್ಲೂ ನೂರಕ್ಕೆ 65 ಪಾಸ್ ಕೈಸೇರ್ತಿದ್ದವು. ಬಿದ್ದಿದ್ದು ಎಸೆತದ ಉದ್ದ: ಎಸೆತಕ್ಕೆ 8.7 ಯಾರ್ಡ್ ಇದ್ದದ್ದು 6.5ಕ್ಕೆ ಇಳೀತು. ಏರಿದ್ದು ಇಂಟರ್‌ಸೆಪ್ಷನ್: ನೂರಕ್ಕೆ 2.6 ಇದ್ದದ್ದು 5. ಹತ್ತಿರದ್ದು ಸಲೀಸಾಗಿ ಕೊಡ್ತಿದ್ದಾನೆ, ದೂರದ್ದು ಎಸೆಯೋಕೆ ಹೋದ್ರೆ ಎದುರಾಳಿ ಕೈಗೆ ಬೀಳ್ತಿದೆ. ಕಣ್ಣು ಕೆಟ್ಟವನ ಲೆಕ್ಕ ಹೀಗಿರಲ್ಲ.

ಮೂರನೇ_ಡೌನ್

ಇದು ಗೊತ್ತೇ ಇರಲಿಲ್ಲ. ಅಂದ್ರೆ ಕೈ?

ಎಡಗಡೆ_ಟ್ಯಾಕಲ್

ಕೈ ಮತ್ತು ಸಮಯ, ಎರಡೂ. ಒಂದನ್ನ ಬಿಟ್ಟು ಇನ್ನೊಂದನ್ನ ಹೇಳೋಕಾಗಲ್ಲ.

2000ದ ಅಕ್ಟೋಬರಲ್ಲಿ ಬಲಗೈ ಕಿರುಬೆರಳು ಮುರೀತು. 2002ರ ಸೆಪ್ಟೆಂಬರಲ್ಲಿ ಅದೇ ಕೈಯ ಕಿರುಬೆರಳು ಮತ್ತೆ ಮುರೀತು. ಕಿರುಬೆರಳು ತಾನೇ ಅಂತ ಹಗುರವಾಗಿ ತಗೋಬೇಡಿ. ಚೆಂಡು ಹಿಡಿಯುವಾಗ ಉಂಗುರದ ಬೆರಳು, ಕಿರುಬೆರಳು ಎರಡೂ ಹೊಲಿಗೆ ದಾರದ ಮೇಲೆ ಕೂರುತ್ತವೆ, ತೋರುಬೆರಳು ಹಿಂದಿನ ತುದಿ ಕಡೆ. ಕೊನೆಗೆ ಬಿಟ್ಟು ತಿರುಗಿಸೋದು ತೋರುಬೆರಳು, ಆದರೆ ತೋಳು ಹಿಂದೆ ಎಳೆದಾಗ ಚೆಂಡು ಜಾರದ ಹಾಗೆ ಹಿಡಿದಿಡೋದು ಆ ಹಿಂದಿನ ಎರಡು ಬೆರಳು. ಹಿಡಿತ ಸಡಿಲ ಆದ್ರೆ ಎರಡು ಕಡೆ ಪೆಟ್ಟು. ಚೆಂಡಿನ ತಿರುಗು ಕಮ್ಮಿಯಾಗಿ, 20 ಯಾರ್ಡ್ ದಾಟಿದ ಎಸೆತ ತೇಲೋಕೆ ಶುರು ಮಾಡುತ್ತೆ, ಹಿಂದಿನಿಂದ ಓಡಿ ಬರೋ ಡಿಫೆಂಡರ್‌ಗೆ ಅರ್ಧ ಹೆಜ್ಜೆ ಜಾಸ್ತಿ ಸಿಗುತ್ತೆ. ಎರಡನೇದು, ಯಾರಾದ್ರೂ ತೋಳಿಗೆ ಸ್ವಲ್ಪ ತಾಗಿದ್ರೂ ಚೆಂಡು ಕೆಳಗೆ.

2003ರ ಮೊದಲ ಪಂದ್ಯ ನೋಡಿ, ಎದುರಾಳಿ ನ್ಯೂಯಾರ್ಕ್ ಜೈಂಟ್ಸ್. ಒಂದೇ ಪಂದ್ಯದಲ್ಲಿ 6 ಫಂಬಲ್, ಅಂದ್ರೆ ಕೈಯಿಂದ ಚೆಂಡು ಜಾರಿದ್ದು. ಅದೇ ಪಂದ್ಯದಲ್ಲಿ ತಲೆಗೂ ಪೆಟ್ಟು ಬಿದ್ದಿತ್ತು, ಕನ್ಕಷನ್ ಅಂತ ಆಮೇಲೆ ಗೊತ್ತಾಯ್ತು. ಮುಂದಿನ ವಾರದಿಂದ ಬಲ್ಜರ್.

ಮಾಳಮಡ್ಡಿ_ಮಂದಿ

ಬರೇ ಕೈ ಅಂದ್ರ ನಾ ಒಪ್ಪೂದಿಲ್ರಿ. ಕೋಚ್ ಮೈಕ್ ಮಾರ್ಟ್ಜ್ ಪದ್ಧತಿನೂ ಅವನ್ನ ಹೊಡೆತಕ್ಕ ಒಡ್ಡತಿತ್ತು. ಪ್ಲೇಬುಕ್ ಅವರ, ನೀವ ಹೇಳ್ರಿ.

ಪ್ಲೇಬುಕ್_ಪುಟ

ಹೌದು, ಅದು ಕೋಚ್ ಡಾನ್ ಕೋರಿಯಲ್ ಪರಂಪರೆಯ ಪದ್ಧತಿ. ರಿಸೀವರ್ (ಎಸೆತ ಹಿಡಿಯೋನು) ಓಡೋ ಪ್ರತಿ ದಾರಿಗೂ 0ರಿಂದ 9ರವರೆಗೆ ಒಂದು ಅಂಕಿ. ಸಮ ಸಂಖ್ಯೆ ಅಂದ್ರೆ ಒಳಗೆ ತಿರುಗಬೇಕು, ಬೆಸ ಅಂದ್ರೆ ಅಂಚಿನ ಕಡೆ. 2 ಅಂದ್ರೆ ಓರೆಯಾಗಿ ಒಳಗೆ, 6 ಅಂದ್ರೆ ಆಳಕ್ಕೆ ಓಡಿ ಚೌಕಾಕಾರ ಒಳಗೆ, 8 ಅಂದ್ರೆ ಗೋಲ್‌ಪೋಸ್ಟ್ ಕಡೆ, 9 ಅಂದ್ರೆ ನೆಟ್ಟಗೆ ಓಟ. ಮೂರು ಅಂಕಿ ಕೂಗಿದ್ರೆ ಮೂವರಿಗೂ ದಾರಿ ಗೊತ್ತಾಯ್ತು.

ಮಾರ್ಟ್ಜ್ ಮಾಡಿದ್ದು ಏನಂದ್ರೆ, ಇದನ್ನ ಇನ್ನೂ ಆಳಕ್ಕೆ ತಳ್ಳಿದ್ದು. ಕ್ವಾರ್ಟರ್‌ಬ್ಯಾಕ್ ಏಳು ಹೆಜ್ಜೆ ಹಿಂದೆ ಬರ್ತಾನೆ. ಏಳನೇ ಹೆಜ್ಜೆ ನೆಲಕ್ಕೆ ಊರಿದಾಗ ರಿಸೀವರ್ ಇನ್ನೂ ತಿರುಗಿರಲ್ಲ, ಆದರೆ ಚೆಂಡು ಕೈ ಬಿಡಬೇಕು, ಅವನು ತಿರುಗೋ ಜಾಗಕ್ಕೆ. ಕಣ್ಣಿಗೆ ಕಾಣೋ ಮನುಷ್ಯನಿಗಲ್ಲ, ಖಾಲಿ ಜಾಗಕ್ಕೆ ಎಸೆತ. ಇದರ ಜೊತೆ ಐದೂ ಜನರನ್ನ ದಾರಿಗೆ ಕಳಿಸೋದು ಮಾರ್ಟ್ಜ್‌ಗೆ ಇಷ್ಟ. ಐವರು ಹೊರಟ್ರೆ ಕಾಯೋಕೆ ಉಳಿಯೋದು ಐವರು ಲೈನ್‌ಮನ್ ಮಾತ್ರ. ಎದುರಾಳಿ ಆರು ಜನ ಕಳಿಸಿದ್ರೆ ಆರನೆಯವನು ಕ್ವಾರ್ಟರ್‌ಬ್ಯಾಕ್ ಪಾಲಿಗೆ. ಅವನು ತಲುಪೋ ಮೊದಲು ಚೆಂಡು ಹೋಗಿರಬೇಕು, ಇಲ್ಲಾಂದ್ರೆ ಹೊಡೆತ.

1999ರಲ್ಲಿ ವಾರ್ನರ್ ಇದನ್ನ ಮಾಡಿದ್ದು ಕೈ ಬೇಗ ಬಿಡ್ತಿದ್ದರಿಂದ. 2002ರ ಹೊತ್ತಿಗೆ ಕೈ ನೋವು, ಹಿಡಿತ ಸಾಲದು, ಇನ್ನೊಂದು ಚೂರು ಹೊತ್ತು ಚೆಂಡು ಇಟ್ಕೊಳ್ತಾನೆ. ಅಷ್ಟು ಸಾಕು ಆರನೆಯವನಿಗೆ. ಕೈ ಮತ್ತು ಪದ್ಧತಿ ಬೇರೆ ಬೇರೆ ಕಾರಣ ಅಲ್ಲ ಅಂತ ಎಡಗಡೆಯವರು ಹೇಳಿದ್ದು ಇದಕ್ಕೇ.

ಹೊಸಬ_ನೋಡುಗ

ಈಗ ಅರೀನಾ ಬಗ್ಗೆ ಹೇಳಿ. ಕೈ ಬೇಗ ಬಿಡೋದು ಅಲ್ಲಿಂದ ಬಂತಾ?

ಎಡಗಡೆ_ಟ್ಯಾಕಲ್

ಬಹುಪಾಲು ಅಲ್ಲಿಂದಲೇ. ಮೈದಾನದ ಅಳತೆ ಗೊತ್ತಾದ್ರೆ ಸಾಕು, ಉಳಿದಿದ್ದು ತಾನಾಗೇ ಅರ್ಥ ಆಗುತ್ತೆ. ಉದ್ದ 50 ಯಾರ್ಡ್, ಅಗಲ 85 ಅಡಿ. ಐಸ್ ಹಾಕಿ ಅಂಗಳದ ಅಗಲವೂ 85 ಅಡಿಯೇ, ಅದೇ ಜಾಗದಲ್ಲಿ ಹುಲ್ಲಿನ ಹಾಸು ಹಾಸಿ ಆಡೋದು. ಎನ್‌ಎಫ್‌ಎಲ್ ಅಂಗಳದ ಅಗಲ 160 ಅಡಿ, ಅಂದ್ರೆ ಇದು ಹೆಚ್ಚೂ ಕಮ್ಮಿ ಅರ್ಧ. ಒಂದು ಕಡೆಗೆ ಎಂಟು ಜನ. ಅಂಚಿನಲ್ಲಿ ಗೆರೆ ಬದಲು ಮೆತ್ತೆ ಹಾಕಿದ ಗೋಡೆ. ಪಂಟ್, ಅಂದ್ರೆ ಚೆಂಡನ್ನ ದೂರ ಒದ್ದು ಎದುರಾಳಿಗೆ ಬಿಟ್ಟುಕೊಡೋದು, ಮಾಡೋ ಹಾಗಿಲ್ಲ. ಒಬ್ಬ ರಿಸೀವರ್ ಚೆಂಡು ಹೊರಡೋ ಮೊದಲೇ ಮುಂದಕ್ಕೆ ಓಡ್ತಾ ಬರಬಹುದು, ಅಂದ್ರೆ ಚೆಂಡು ಕೈಗೆ ಬರೋ ಹೊತ್ತಿಗೆ ಅವನು ಪೂರ್ತಿ ವೇಗದಲ್ಲಿ ಇರ್ತಾನೆ.

ಹೀಗಿದ್ದಾಗ ಕ್ವಾರ್ಟರ್‌ಬ್ಯಾಕ್‌ಗೆ ನಿಂತು ನೋಡೋ ಪುರಸೊತ್ತೇ ಇಲ್ಲ. ಡಿಫೆಂಡರ್‌ಗಳು ಒತ್ತೊತ್ತಾಗಿ ಇರ್ತಾರೆ, ಸಂದು ಚಿಕ್ಕದು, ಚೆಂಡು ಮೇಲೆ ಹಾರಿಸಿದ್ರೆ ಗೋಡೆಗೋ ಬಲೆಗೋ ಹೋಗುತ್ತೆ. ಕಿವಿ ಪಕ್ಕದಿಂದ, ಕೈ ಹೆಚ್ಚು ಹಿಂದೆ ಎಳೆಯದೆ, ಪಟ್ ಅಂತ ಬಿಡಬೇಕು. ಅಯೋವಾ ಬಾರ್ನ್‌ಸ್ಟಾರ್ಮರ್ಸ್ ತಂಡಕ್ಕೆ 1995ರಿಂದ 1997ರವರೆಗೆ ಮೂರು ಸೀಸನ್ ಆಡಿದ, 183 ಟಚ್‌ಡೌನ್ ಪಾಸ್. 1996, 1997 ಎರಡೂ ವರ್ಷ ಅರೀನಾಬೌಲ್ ಫೈನಲ್ ತಲುಪಿ ಎರಡೂ ಸೋತ.

ಕಡಲತಡಿ

ಇದಕ್ಕೆ ಒಪ್ಪಿಗೆ ಉಂಟು. ಆದ್ರೆ ಅರೀನಾದಲ್ಲಿ 183 ಹೊಡೆದವರು ಎಲ್ಲ ಎನ್‌ಎಫ್‌ಎಲ್ ಬರ್ಲಿಲ್ಲ ಅಲ್ವಾ? ಅಲ್ಲಿನ ಅಂಕಿ ಯಾವತ್ತೂ ಉಬ್ಬಿದ್ದೇ.

ಎಡಗಡೆ_ಟ್ಯಾಕಲ್

ನಿಜ. ಅದಕ್ಕೇ ನಡುವೆ ಯೂರೋಪ್ ಬೇಕಾಯ್ತು. 1997ರ ಕೊನೆಗೆ ರ‍್ಯಾಮ್ಸ್ ಸಹಿ ಹಾಕಿಸ್ಕೊಂಡು, 1998ರ ವಸಂತಕ್ಕೆ ಎನ್‌ಎಫ್‌ಎಲ್ ಯೂರೋಪಿನ ಆಮ್‌ಸ್ಟರ್‌ಡ್ಯಾಮ್ ಅಡ್ಮಿರಲ್ಸ್‌ಗೆ ಕಳಿಸಿದ್ರು. ಪೂರ್ತಿ ಅಳತೆಯ ಮೈದಾನ, ಹನ್ನೊಂದು ಜನ. ಅಲ್ಲೂ ಯಾರ್ಡ್, ಟಚ್‌ಡೌನ್ ಎರಡರಲ್ಲೂ ಲೀಗಿಗೆ ಮೊದಲಿಗ. ಅರೀನಾದಲ್ಲಿ ಕಲಿತ ಕೈ ದೊಡ್ಡ ಮೈದಾನದಲ್ಲೂ ನಡೆಯುತ್ತೆ ಅಂತ ಸಾಬೀತಾಗಿದ್ದು ಅಲ್ಲಿ. ಅವನ ಹಿಂದೆ ಎರಡನೇ ಕ್ವಾರ್ಟರ್‌ಬ್ಯಾಕ್ ಆಗಿ ಕೂತಿದ್ದವನು ಜೇಕ್ ಡೆಲೋಮ್, ಮುಂದೆ ಕೆರೊಲಿನಾ ಪ್ಯಾಂಥರ್ಸ್‌ನ ಸೂಪರ್ ಬೌಲ್‌ವರೆಗೆ ಕರ್ಕೊಂಡು ಹೋದವನು.

ಅಂಕಿಸಂಕಿ

ರ‍್ಯಾಮ್ಸ್‌ಗೂ ಅವನ ಬೆಲೆ ಗೊತ್ತಿರಲಿಲ್ಲ ಅನ್ನೋದಕ್ಕೆ ಒಂದು ಪುರಾವೆ. 1998ರ ಇಡೀ ಸೀಸನ್‌ನಲ್ಲಿ ಅವನು ಎಸೆದದ್ದು 11 ಪಾಸ್, ಕೈಸೇರಿದ್ದು 4, ಬಂದದ್ದು 39 ಯಾರ್ಡ್. 1999ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಮತ್ತೆ ಲೀಗಿಗೆ ಬಂದಾಗ ಪ್ರತಿ ತಂಡ ಐದೈದು ಆಟಗಾರರನ್ನ ಮುಂದಿಡಬೇಕಿತ್ತು, ರ‍್ಯಾಮ್ಸ್ ಇಟ್ಟ ಐವರಲ್ಲಿ ವಾರ್ನರ್ ಒಬ್ಬ. ಬ್ರೌನ್ಸ್ ಎಲ್ಲ ತಂಡಗಳಿಂದ 37 ಜನರನ್ನ ಆರಿಸ್ಕೊಂಡ್ರು, ಇವನನ್ನ ಬಿಟ್ರು!

ಆಮೇಲೆ ಆಗಸ್ಟ್ 28, ಸೀಸನ್ ಪೂರ್ವದ ಪಂದ್ಯ, ಸ್ಯಾನ್ ಡಿಯೇಗೊ ಚಾರ್ಜರ್ಸ್‌ನ ರಾಡ್ನಿ ಹ್ಯಾರಿಸನ್ ಬಿದ್ದ ಹೊಡೆತಕ್ಕೆ ತಂಡದ ಮೊದಲ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಮೊಣಕಾಲಿನ ಎಸಿಎಲ್ ಲಿಗಮೆಂಟ್ ಹರೀತು, ಜಾಗ ವಾರ್ನರ್‌ಗೆ ಬಂತು.

ಬೆಳಗಿನ_ಐದು

ಆ ಹೊಡೆತ ಫೌಲ್ ಅಲ್ವಾ? ಮೊಣಕಾಲಿಗೇ ನೇರ ಬಿದ್ದಿದ್ದು.

ಪ್ಲೇಬುಕ್_ಪುಟ

ಇವತ್ತು ಖಂಡಿತ ಫೌಲ್. ಆಗ ಅಲ್ಲ. 2006ರ ಜನವರಿಯಲ್ಲಿ ಸಿನ್ಸಿನಾಟಿಯ ಕಾರ್ಸನ್ ಪಾಮರ್ ಮೊಣಕಾಲು ಹೋದ ಮೇಲೆ ಕ್ವಾರ್ಟರ್‌ಬ್ಯಾಕ್‌ನ ಕಾಲಿಗೆ ಬೀಳೋದರ ಮೇಲೆ ನಿಯಮ ಬಿಗಿಯಾಯ್ತು. 2008ರಲ್ಲಿ ಟಾಮ್ ಬ್ರೇಡಿ ಮೊಣಕಾಲು ಹೋದ ಮೇಲೆ, ನೆಲಕ್ಕೆ ಬಿದ್ದ ಡಿಫೆಂಡರ್ ಅಲ್ಲಿಂದ ಕಾಲಿಗೆ ನುಗ್ಗೋದೂ ನಿಷೇಧ ಅಂತ ಇನ್ನಷ್ಟು ಬಿಡಿಸಿ ಹೇಳಿದ್ರು.

ಮಾಳಮಡ್ಡಿ_ಮಂದಿ

1998ರಾಗ ರ‍್ಯಾಮ್ಸ್ ಗೆದ್ದದ್ದು ನಾಕ, ಸೋತದ್ದು ಹನ್ನೆರಡ. ಮುಂದಿನ ವರ್ಷ 13 ಗೆಲುವು, 3 ಸೋಲು. ನಾಕನೇ ಪಂದ್ಯ ಸ್ಯಾನ್ ಫ್ರಾನ್ಸಿಸ್ಕೊ ಮ್ಯಾಲ. ಆ ತಂಡಕ್ಕ ಬೆನ್ನಬೆನ್ನಿಗೆ 17 ಸಲ ಸೋತಿದ್ರು. ವಾರ್ನರ್ 23 ಎಸದು 20 ಮುಟ್ಟಿಸ್ಯಾನ, 5 ಟಚ್‌ಡೌನ್, 42–20. ಅವತ್ತಿನ ಆಟ ನೋಡ್ರಿ, ನಾಕ ಟಚ್‌ಡೌನ್ ಬ್ರೂಸ್‌ಗ ಹೋಗ್ಯಾವ. ಆ ವರ್ಷ ಅವನ ಪಗಾರ 2,54,000 ಡಾಲರ್, ಲೀಗಿನ ಕನಿಷ್ಠದ ಆಸುಪಾಸು.

ಸೂಪರ್ ಬೌಲ್‌ದಾಗ ಟೆನೆಸ್ಸಿ ಟೈಟನ್ಸ್ ಮ್ಯಾಲ 414 ಯಾರ್ಡ್, ಆಗಿನ ದಾಖಲೆ. ಇಂಟರ್‌ಸೆಪ್ಷನ್ ಒಂದೂ ಇಲ್ಲ. 16–16 ಇದ್ದಾಗ, ಎರಡ ನಿಮಿಷಕ್ಕ ಕಡಿಮಿ ಉಳದಾಗ, ಬ್ರೂಸ್‌ಗ 73 ಯಾರ್ಡಿಂದು. ಆ ಎಸೆತ ನಿಲ್ಲಿಸಿ ನಿಲ್ಲಿಸಿ ನೋಡ್ರಿ: ಜೆವಾನ್ ಕರ್ಸ್ ಮೈಮ್ಯಾಲ ಬಂದ ತೋಳಿಗೆ ತಾಗ್ಯಾನ, ಅದಕ್ಕ ಚೆಂಡು ಸ್ವಲ್ಪ ಕಡಿಮಿ ಬಿದ್ದೈತಿ, ಬ್ರೂಸ್ ಹಿಂದ ಸರದು ಹಿಡದಾನ, ಡಿಫೆಂಡರ್ ಅಂದಾಜ ತಪ್ಯಾನ. ಹೈಸ್ಕೂಲಿನ್ಯಾಗ ಹೊಡತ ತಿನ್ಕೋತ ನಿಂತದ್ದು ಅಲ್ಲಿ ಉಪಯೋಗಕ್ಕ ಬಂತು.

ಕಡಲತಡಿ

ಹಾಗಾದ್ರೆ 2001ರ ಫೈನಲ್ ಯಾಕೆ ಸೋತದ್ದು? ಆಗ ಕೈ ಸರಿ ಇತ್ತಲ್ಲ, 4,830 ಯಾರ್ಡ್, ತಂಡ 14 ಗೆದ್ದು 2 ಸೋತಿತ್ತು.

ಪ್ಲೇಬುಕ್_ಪುಟ

ಎದುರಾಳಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಕೋಚ್ ಬಿಲ್ ಬೆಲಿಚಿಕ್ ತನ್ನ ತಪ್ಪಿನಿಂದ ಪಾಠ ಕಲಿತದ್ದಕ್ಕೆ. ಅದೇ ಸೀಸನ್‌ನ ನವೆಂಬರಲ್ಲಿ ರ‍್ಯಾಮ್ಸ್ ಅವರನ್ನ 24–17ರಿಂದ ಸೋಲಿಸಿತ್ತು. ಆ ಪಂದ್ಯದಲ್ಲಿ ಪೇಟ್ರಿಯಟ್ಸ್ ಮತ್ತೆ ಮತ್ತೆ ಬ್ಲಿಟ್ಜ್ (ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗೋಕೆ ಹೆಚ್ಚಿನ ಜನ) ಕಳಿಸಿದ್ರು. ಕೈ ಬೇಗ ಬಿಡೋನಿಗೆ ಬ್ಲಿಟ್ಜ್ ಕಳಿಸಿದ್ರೆ ಅವನಿಗೇ ಲಾಭ, ಹಿಂದೆ ಜಾಗ ಖಾಲಿ.

ಫೈನಲ್‌ಗೆ ಯೋಜನೆ ಪೂರ್ತಿ ತಿರುವುಮುರುವು. ಬ್ಲಿಟ್ಜ್ ಕಮ್ಮಿ, ಹಿಂದುಗಡೆ ಐದು ಆರು ಡಿಫೆನ್ಸಿವ್ ಬ್ಯಾಕ್‌ಗಳು. ಗುರಿ ವಾರ್ನರ್ ಅಲ್ಲ, ಫಾಕ್. ಫಾಕ್ ಹಿಂದಿನಿಂದ ಹೊರಟ ಕೂಡಲೇ ಅಂಚಿನಲ್ಲಿ ಒಬ್ಬ ಅವನನ್ನ ಗುದ್ದಿ ತಡೀಬೇಕು. ರಿಸೀವರ್‌ಗಳಿಗೂ ಅದೇ ಮರ್ಯಾದೆ, ಮೊದಲ ಐದು ಯಾರ್ಡ್ ಒಳಗೆ ತಳ್ಳು. ಏಳನೇ ಹೆಜ್ಜೆಗೆ ಚೆಂಡು ಬಿಡಬೇಕಾದ ಪದ್ಧತಿಯಲ್ಲಿ ರಿಸೀವರ್ ಅರ್ಧ ಸೆಕೆಂಡ್ ತಡ ಆದ್ರೆ ಆ ಖಾಲಿ ಜಾಗದಲ್ಲಿ ಯಾರೂ ಇರಲ್ಲ. ಟೈ ಲಾ ಇಂಟರ್‌ಸೆಪ್ಟ್ ಮಾಡಿ 47 ಯಾರ್ಡ್ ಓಡಿ ಟಚ್‌ಡೌನ್ ಮಾಡಿದ. ಅಷ್ಟಾದರೂ ವಾರ್ನರ್ 365 ಯಾರ್ಡ್ ಎಸೆದು 17–17 ಸಮ ಮಾಡಿಸಿದ, ಕೊನೆಯ ಕಿಕ್‌ಗೆ 20–17. ಅಷ್ಟು ಓಡುತ್ತಿದ್ದ ಫಾಕ್ ಕೈಗೆ ಚೆಂಡು ಇನ್ನಷ್ಟು ಕೊಡಬೇಕಿತ್ತು. ಆ ಸೋಲಿನ ಹೊಣೆಯಲ್ಲಿ ಮಾರ್ಟ್ಜ್ ಪಾಲು ವಾರ್ನರ್ ಪಾಲಿಗಿಂತ ದೊಡ್ಡದು.

ಬೆಳಗಿನ_ಐದು

ಸೂಪರ್ ಬೌಲ್ ನಮ್ಮಲ್ಲಿ ಸೋಮವಾರ ಬೆಳಗಿನ ಜಾವ 5ಕ್ಕೆ ಶುರು. ಹಳೇ ಪಂದ್ಯ ನೋಡೋದೇ ಆರಾಮ.

ಹೊಸಬ_ನೋಡುಗ

2004ರಲ್ಲಿ ಅಷ್ಟು ದೊಡ್ಡ ಆಟಗಾರನ್ನ ಜೂನ್ 1ಕ್ಕೇ ಯಾಕೆ ಬಿಟ್ರು? ಮಾರ್ಚಲ್ಲೇ ಬಿಡಬಹುದಿತ್ತಲ್ಲ, ಬೇರೆ ತಂಡ ಹುಡುಕ್ಕೊಳ್ಳೋಕೆ ಟೈಮ್ ಸಿಗ್ತಿತ್ತು.

ಅಂಕಿಸಂಕಿ

ಆಗಿನ ಸಂಬಳದ ಮಿತಿಯ ಲೆಕ್ಕ, ಅಂದ್ರೆ ಒಂದು ತಂಡ ವರ್ಷಕ್ಕೆ ಒಟ್ಟು ಇಷ್ಟೇ ಸಂಬಳ ಕೊಡಬಹುದು ಅನ್ನೋ ನಿಯಮ. ಸಹಿ ಮಾಡುವಾಗ ಕೊಟ್ಟ ಬೋನಸ್ ಹಣ ಅವತ್ತೇ ಕೈಗೆ ಹೋಗಿರುತ್ತೆ, ಆದರೆ ಲೆಕ್ಕದ ಪುಸ್ತಕದಲ್ಲಿ ಒಪ್ಪಂದದ ವರ್ಷಗಳಿಗೆ ಹಂಚಿರುತ್ತಾರೆ. ಉದಾಹರಣೆಗೆ 6 ವರ್ಷಕ್ಕೆ 12 ಮಿಲಿಯನ್ ಕೊಟ್ರೆ ವರ್ಷಕ್ಕೆ 2. ಮೂರನೇ ವರ್ಷ ಮುಗಿದ ಮೇಲೆ ಆಟಗಾರನನ್ನ ಬಿಟ್ರೆ ಉಳಿದ 6 ಒಂದೇ ಸಲ ಆ ವರ್ಷದ ಲೆಕ್ಕಕ್ಕೆ ಬಂದು ಕೂರುತ್ತೆ. ಆದರೆ ಜೂನ್ 1ರ ಗಡುವಿಗೆ ಕಾದರೆ ಆ ವರ್ಷಕ್ಕೆ 2 ಮಾತ್ರ, ಉಳಿದ 4 ಮುಂದಿನ ವರ್ಷಕ್ಕೆ. ವಾರ್ನರ್‌ನದು 2000ದಲ್ಲಿ ಮಾಡಿದ ದೊಡ್ಡ ಏಳು ವರ್ಷದ ಒಪ್ಪಂದ, ಅದಕ್ಕೇ ಕಾದರು. ನಷ್ಟ ಆಟಗಾರನಿಗೆ: ಅಷ್ಟೊತ್ತಿಗೆ ಬೇರೆ ತಂಡಗಳ ಜಾಗ, ಹಣ ಎರಡೂ ತುಂಬಿರುತ್ತೆ.

ಎಡಗಡೆ_ಟ್ಯಾಕಲ್

ಆಮೇಲೆ ಜೈಂಟ್ಸ್. ಹೊಸ ಕ್ವಾರ್ಟರ್‌ಬ್ಯಾಕ್ ಇಲಾಯ್ ಮ್ಯಾನಿಂಗ್ ತಯಾರಾಗೋವರೆಗೆ ಜಾಗ ಕಾಯೋ ಕೆಲಸ. 9 ಪಂದ್ಯ ಶುರು ಮಾಡಿ 5 ಗೆದ್ದ, 4 ಸೋತ. ಆದರೆ ಆ ಸೀಸನ್‌ನಲ್ಲಿ 39 ಸ್ಯಾಕ್, ಅಂದ್ರೆ ಚೆಂಡು ಎಸೆಯೋ ಮೊದಲೇ ಕೆಡವಿದ್ದು! 277 ಎಸೆತಕ್ಕೆ 39, ಅಂದ್ರೆ ಹಿಂದೆ ಸರಿದ ಪ್ರತಿ ಎಂಟು ಸಲಕ್ಕೆ ಒಂದು ಸಲ ನೆಲಕ್ಕೆ. 2008ರಲ್ಲಿ ಅರಿಜೋನಾದಲ್ಲಿ 598 ಎಸೆತಕ್ಕೆ 26 ಸ್ಯಾಕ್, ಸುಮಾರು 24ಕ್ಕೆ ಒಂದು. ಮೂಲ ಪ್ರಶ್ನೆಗೆ ಉತ್ತರ ಈ ಎರಡು ಸಂಖ್ಯೆಯಲ್ಲಿ ಇದೆ ಅಂತ ನನ್ನ ವಾದ.

ಅರಿಜೋನಾ ಲೈನ್ ದಿಢೀರ್ ಅಂತ ಚಿನ್ನ ಆಗಿಬಿಡ್ತು ಅಂತಲ್ಲ. ಬದಲಾಗಿದ್ದು ಚೆಂಡು ಕೈಲಿರೋ ಹೊತ್ತು. 2007ರಲ್ಲಿ ಕೋಚ್ ಕೆನ್ ವಿಸೆನ್‌ಹಂಟ್ ಮೊದಲು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ಲೈನಾರ್ಟ್‌ನನ್ನೇ ಇಟ್ಟು, ಹಡಲ್ (ಎಸೆತದ ನಡುವೆ ಗುಂಪುಗೂಡಿ ಮಾತಾಡೋದು) ಇಲ್ಲದೆ ವೇಗವಾಗಿ ಆಡೋವಾಗ ಮಾತ್ರ ವಾರ್ನರ್‌ನನ್ನ ಇಳಿಸ್ತಿದ್ದ. ಹಡಲ್ ಇಲ್ಲ ಅಂದ್ರೆ ಎದುರಾಳಿಗೆ ಆಟಗಾರರನ್ನ ಬದಲಾಯಿಸೋಕೆ, ಬ್ಲಿಟ್ಜ್ ಬಚ್ಚಿಡೋಕೆ ಸಮಯ ಇಲ್ಲ. ಗೆರೆ ಮೇಲೆ ನಿಂತು ಓದಿ, ಎಲ್ಲಿಗೆ ಅಂತ ಮೊದಲೇ ತೀರ್ಮಾನಿಸಿ, ಪಟ್ ಅಂತ ಬಿಡೋದು. ಅದು ಅರೀನಾದ ಆಟವೇ ಅಲ್ವಾ? ಅಕ್ಟೋಬರಲ್ಲಿ ಲೈನಾರ್ಟ್ ಕೊರಳೆಲುಬು ಮುರೀತು, ಕೆಲಸ ಪೂರ್ತಿ ಇವನದ್ದಾಯ್ತು. ಮುಂದಿನ ವಾರವೇ ಇವನ ಎಡ ಮೊಣಕೈಯ ಲಿಗಮೆಂಟ್ ಹರೀತು, ಎಸೆಯೋ ಕೈ ಅಲ್ಲದ್ದರಿಂದ ಬ್ರೇಸ್ ಕಟ್ಕೊಂಡು ಆಡಿದ.

ಇನ್ನು ಹಿಡಿತಕ್ಕೆ, ಎರಡೂ ಕೈಗೆ ಗ್ಲೌಸ್. ಎಸೆಯೋ ಕೈಗೂ ಗ್ಲೌಸ್ ಹಾಕೋ ಕ್ವಾರ್ಟರ್‌ಬ್ಯಾಕ್‌ಗಳು ಆಗ ಕಮ್ಮಿ, ಬೆರಳಿನ ಸ್ಪರ್ಶ ಹೋಗುತ್ತೆ ಅಂತ. ಇವನಿಗೆ ಸ್ಪರ್ಶಕ್ಕಿಂತ ಅಂಟು ಮುಖ್ಯವಾಗಿತ್ತು.

ಕಡಲತಡಿ

ಆಯ್ತು, ಪದ್ಧತಿಯ ಆಟಗಾರ ಅನ್ನುವುದನ್ನು ವಾಪಸ್ ತೆಗೀತೇನೆ. ಎರಡು ಬೇರೆ ಬೇರೆ ಪದ್ಧತಿಯಲ್ಲಿ ಗೆದ್ದವನಿಗೆ ಹಾಗೆ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ಫಂಬಲ್ ಪೂರ್ತಿ ಹೋಗ್ಲಿಲ್ಲ, ಅದನ್ನೂ ಬರೀರಿ. 2008ರ ಸೀಸನ್‌ನ ಪಿಟ್ಸ್‌ಬರ್ಗ್ ಮೇಲಿನ ಸೂಪರ್ ಬೌಲ್ ಮುಗಿದದ್ದೇ ಲಮಾರ್ ವುಡ್ಲಿ ಕೈಯಿಂದ ಚೆಂಡು ಹಾರಿಸಿದ್ರಲ್ಲಿ.

ಮಾಳಮಡ್ಡಿ_ಮಂದಿ

ಆ ಫೈನಲ್ ಹೋದದ್ದು ಕೊನಿಗಲ್ರಿ, ಅರ್ಧಕ್ಕ. 10–7 ಹಿಂದ ಇದ್ರು, ಗೋಲ್ ಗೆರಿ ಹತ್ತರನ ಇದ್ರು, 18 ಸೆಕೆಂಡ್ ಉಳದಿದ್ವು. ಜೇಮ್ಸ್ ಹ್ಯಾರಿಸನ್ ಬ್ಲಿಟ್ಜ್ ಬರವರಂಗ ಮಾಡಿ ಹಿಂದ ಸರದ, ಬೋಲ್ಡಿನ್ ಕಡೆ ಹೋಗೂ ಚೆಂಡಿನ ದಾರ್ಯಾಗ ಬಂದ ನಿಂತ. 100 ಯಾರ್ಡ್ ಓಡಿ ಟಚ್‌ಡೌನ್. 14–10 ಆಗಬೇಕಾದದ್ದು 7–17. ಬ್ಲಿಟ್ಜ್ ಕಂಡ್ರ ಒಳಗ ಪಟ್ನ ಬಿಡೂದು ಅವನ ಶಕ್ತಿ. ಅದ ಶಕ್ತಿಗೆ ಬಲಿ ಹಾಕಿದ್ರು. 23–20 ಮುಂದ ಬಂದಮ್ಯಾಲೂ 35 ಸೆಕೆಂಡ್ ಇರೂವಾಗ ಹೋತು, 27–23. ಇಷ್ಟ ಆಗಿನೂ 377 ಯಾರ್ಡ್.

ಅಂಕಿಸಂಕಿ

ಮೂರು ಸೂಪರ್ ಬೌಲ್, 414, 365, 377. ಆ ಹೊತ್ತಿಗೆ ಸೂಪರ್ ಬೌಲ್ ಇತಿಹಾಸದ ಅತಿ ಹೆಚ್ಚು ಯಾರ್ಡ್‌ನ ಮೊದಲ ಮೂರು ಆಟವೂ ಇವನದ್ದೇ. ಒಟ್ಟು ವೃತ್ತಿಜೀವನ 32,344 ಯಾರ್ಡ್, 208 ಟಚ್‌ಡೌನ್: ರ‍್ಯಾಮ್ಸ್‌ಗೆ 102, ಜೈಂಟ್ಸ್‌ಗೆ 6, ಕಾರ್ಡಿನಲ್ಸ್‌ಗೆ 100. ಕಡಲತಡಿಯವರೇ, ಎರಡು ತಂಡಕ್ಕೆ ನೂರು ನೂರು. ಹಾಲ್ ಆಫ್ ಫೇಮ್‌ಗೆ ಅರ್ಹನಾದ ಮೂರನೇ ವರ್ಷ, 2017ರಲ್ಲಿ ಆಯ್ಕೆ. ಅರೀನಾ ಹಾಲ್ ಆಫ್ ಫೇಮ್‌ನಲ್ಲೂ ಇದ್ದಾನೆ. ಮೊದಲ ಎರಡು ವರ್ಷ ತಡೆದದ್ದು ಆ ನಡುವಿನ ಐದು ಸೀಸನ್ನೇ ಇರಬೇಕು ಅಂತ ನನ್ನ ಅನಿಸಿಕೆ.

ಮೂರನೇ_ಡೌನ್

ಎಲ್ಲರಿಗೂ ಧನ್ಯವಾದ. ಕೇಳಿದ್ದಕ್ಕಿಂತ ಜಾಸ್ತಿ ಸಿಕ್ತು. ಆ ಮೊದಲ ತುಂಡು 1.76, 1.77 ಇನ್ನೂ ತಲೇಲೇ ಇದೆ. ಕೊನೆಯದಾಗಿ, ಕೈ ಬೇಗ ಬಿಡೋದನ್ನ ನೋಡೋಕೆ ಯಾವ ಪಂದ್ಯ?

ಎಡಗಡೆ_ಟ್ಯಾಕಲ್

2010ರ ಜನವರಿ 10, ಪ್ಯಾಕರ್ಸ್ ಮೇಲಿನ ಪ್ಲೇಆಫ್, 51–45. 33 ಎಸೆತ, 29 ಕೈಸೇರಿದ್ದು, 379 ಯಾರ್ಡ್, 5 ಟಚ್‌ಡೌನ್. ತಪ್ಪಿದ ಪಾಸ್ 4, ಟಚ್‌ಡೌನ್ 5. 38 ವಯಸ್ಸು. ಚೆಂಡು ನೋಡಬೇಡಿ, ಹಿಂದಿನ ಪಾದ ನೋಡಿ. ಕೊನೆಯ ಹೆಜ್ಜೆ ಊರಿದ ಮೇಲೆ ಚೆಂಡು ಹೊರಡೋಕೆ ಎಷ್ಟು ಹೊತ್ತು ಅಂತ ಎಣಿಸಿ.

ಬೆಳಗಿನ_ಐದು

ಅದನ್ನ ಮೊದಲಿಂದ ಹಾಕಿ, ಮಧ್ಯದಿಂದ ಬೇಡ. ಆರೋನ್ ರಾಜರ್ಸ್‌ನ ಮೊದಲ ಎಸೆತವೇ ಇಂಟರ್‌ಸೆಪ್ಷನ್.